ಒಂದೇ ಮೂಟೆಯ ಮೇವು, ಎರಡು ಸೂಲಿನ ಮರಿಗಳು: ಒಂದಕ್ಕೆ ಮಾತ್ರ ಹೊಟ್ಟೆ ಕೆಡುವುದೇಕೆ?

ಕೊಟ್ಟಿಗೆ ದೀಪ

ನನ್ನಲ್ಲಿ ಎರಡು ತಾಯಿ ಹಂದಿಗಳಿವೆ. ಒಂದು ವಾರದ ಅಂತರದಲ್ಲಿ ಎರಡೂ ಮರಿ ಹಾಕಿದವು. ಮೊದಲನೆಯದರ ಮರಿಗಳನ್ನು 20ನೆಯ ದಿನಕ್ಕೇ ಹಾಲು ಬಿಡಿಸಿದೆ. ಅದಕ್ಕೆ ಕಾರಣ ನನ್ನ ಅನುಕೂಲವೇ ಹೊರತು ಮರಿಗಳದ್ದಲ್ಲ. ಅಂದು ಗಾಡಿ ಸಿಕ್ಕಿತ್ತು, ಕೈಗೆ ಆಳುಗಳೂ ಇದ್ದರು. ಒಂದೇ ಬೆಳಿಗ್ಗೆ ಮರಿಗಳನ್ನು ತಾಯಿಯಿಂದ ಎಳೆದು, ಲಸಿಕೆ ಹಾಕಿಸಿ, ಬೇರೆ ಶೆಡ್ಡಿಗೆ ಸಾಗಿಸಿ, ಅಲ್ಲಿದ್ದ ಪರಕೀಯ ಮರಿಗಳ ಜೊತೆ ಕೂಡಿಹಾಕಿದೆ. ಮೂರನೆಯ ದಿನ ಹನ್ನೊಂದರಲ್ಲಿ ಏಳಕ್ಕೆ ಭೇದಿ. ಬಾಲದ ಬುಡವೆಲ್ಲ ಒದ್ದೆ, ಬೆನ್ನು ಕಮಾನಿನಂತೆ ಬಾಗಿತ್ತು, ಒಂದರ ಮೇಲೊಂದು ಒತ್ತಿಕೊಂಡು ಮೂಲೆ ಹಿಡಿದಿದ್ದವು.

ಎರಡನೆಯ ಸೂಲಿನ ಮರಿಗಳನ್ನು 30ನೆಯ ದಿನ ಬಿಡಿಸಿದೆ. ಆಗ ಗಾಡಿ ಸಿಗಲಿಲ್ಲವಾದ್ದರಿಂದ ತಾಯಿಯನ್ನೇ ಆಚೆ ಕಟ್ಟಿ, ಮರಿಗಳನ್ನು ಇದ್ದಲ್ಲೇ ಬಿಟ್ಟೆ. ಅದೇ ಮೂಟೆಯ ಮೇವು, ಅದೇ ತೊಟ್ಟಿಯ ನೀರು. ಎರಡು ಮರಿಗಳಿಗೆ ಸ್ವಲ್ಪ ತೆಳ್ಳಗಾಗಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇಲ್ಲಿ ಬರೆಯುತ್ತಿರಲಿಲ್ಲ. ಈಗ ನಾಲ್ಕು ತಿಂಗಳು ಕಳೆದಿವೆ. ಮೊದಲ ಸೂಲಿನ ಹೆಣ್ಣುಗಳು ಇಂದಿಗೂ ಶೆಡ್ಡು ಬದಲಿಸಿದರೆ ಸಾಕು, ಎರಡು ದಿನ ನೀರಾಗಿ ಹೋಗುತ್ತವೆ. ಎರಡನೆಯ ಸೂಲಿನವಕ್ಕೆ ಈ ತೊಂದರೆಯಿಲ್ಲ. ಇಪ್ಪತ್ತು ದಿನದ ಮರಿಗೆ ಒಂದು ಬೆಳಿಗ್ಗೆ ಮಾಡಿದ್ದು ನಾಲ್ಕು ತಿಂಗಳ ಮೇಲೂ ಹೊಟ್ಟೆಯಲ್ಲಿ ಉಳಿದಿರಲು ಸಾಧ್ಯವೇ?

ನಿವೃತ್ತ ಪಶುವೈದ್ಯ

ಮೊದಲು ಮೇವಿನ ಕಡೆ ನೋಡಿ. ಹಾಲು ಬಿಡಿಸಿದ ಮರಿ ಹಸಿದಿರುತ್ತದೆ, ಆದರೆ ತಿನ್ನುವುದಿಲ್ಲ. ಸುಮಾರು ಅರ್ಧದಷ್ಟು ಮರಿಗಳು ಮೊದಲ 24 ಗಂಟೆಯಲ್ಲಿ ಮೇವಿಗೆ ಬಾಯಿ ಹಾಕುತ್ತವೆ. ಹತ್ತರಲ್ಲಿ ಒಂದು 48 ಗಂಟೆ ಕಳೆದರೂ ಮುಟ್ಟುವುದಿಲ್ಲ. ಸಣ್ಣ ಕರುಳಿನ ಒಳಮೈಯಲ್ಲಿ ವಿಲ್ಲೈ ಎಂಬ ಬೆರಳಿನಂಥ ಚಾಚಿಕೆಗಳಿವೆಯಲ್ಲ, ಆಹಾರವನ್ನು ಹೀರಿಕೊಳ್ಳುವುದು ಅವು. ಅವುಗಳಿಗೆ ಊಟ ಬರುವುದು ರಕ್ತದಿಂದ ಮಾತ್ರವಲ್ಲ, ಕರುಳಿನೊಳಗೆ ಹರಿಯುವ ಆಹಾರದಿಂದಲೂ. ಹರಿವು ನಿಂತರೆ ಅವು ಕುಗ್ಗುತ್ತವೆ. ಮೂರು ವಾರಕ್ಕೆ ಬಿಡಿಸಿದ ಮರಿಗಳಲ್ಲಿ ಒಂದೇ ದಿನದೊಳಗೆ ವಿಲ್ಲೈಗಳ ಎತ್ತರ ಕಾಲು ಭಾಗದಷ್ಟು ಇಳಿದಿದ್ದನ್ನು 1980ರ ದಶಕದಲ್ಲೇ ಅಳೆದಿದ್ದಾರೆ. ಹೀಗೆ ಮೊಂಡಾದ ಕರುಳಿಗೆ, ಎರಡು ದಿನ ಉಪವಾಸವಿದ್ದ ಮರಿ ಮೂರನೆಯ ದಿನ ಗಬಗಬನೆ ಹಿಟ್ಟು ತುಂಬಿದರೆ ಅರ್ಧ ಜೀರ್ಣವಾಗದೆ ಕೆಳಗಿಳಿಯುತ್ತದೆ. ಇ. ಕೋಲಿ ಬ್ಯಾಕ್ಟೀರಿಯಾಕ್ಕೆ ಹಬ್ಬ. ನಿಮ್ಮ ಮೂರನೆಯ ದಿನದ ಲೆಕ್ಕ ಸರಿಹೊಂದಿತಲ್ಲ?

ಒತ್ತಡ, ಅಗಲಿಕೆ ಎಂದು ದೊಡ್ಡ ಮಾತು ಆಡುವ ಮೊದಲು ಹಸಿವನ್ನು ನೋಡಬೇಕು. ಮೂವತ್ತು ವರ್ಷ ನಾನು ನೋಡಿದ್ದು ಇದನ್ನೇ.

ಪದರ

ಮೇಲಿನವರು ಹೇಳಿದ ವಿಲ್ಲೈ ಕಥೆಯಲ್ಲಿ ತಪ್ಪಿಲ್ಲ, ಆದರೆ ಅರ್ಧವಷ್ಟೇ ಹೇಳಿದ್ದಾರೆ. ನಾನು ಕೆಲವು ವರ್ಷ ಕರುಳಿನ ಪ್ರಯೋಗಾಲಯದಲ್ಲಿ ಕೆಲಸ ಮಾಡಿದ್ದೇನೆ, ಹಾಗಾಗಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ.

ಉಸ್ಸಿಂಗ್ ಚೇಂಬರ್ ಎಂಬ ಒಂದು ಸಲಕರಣೆಯಿದೆ. ಡೆನ್ಮಾರ್ಕಿನ ಹ್ಯಾನ್ಸ್ ಉಸ್ಸಿಂಗ್ ಅದನ್ನು ಕಪ್ಪೆಯ ಚರ್ಮದ ಅಧ್ಯಯನಕ್ಕೆಂದು ರೂಪಿಸಿದ್ದು. ಈಗಷ್ಟೇ ತೆಗೆದ ಕರುಳಿನಿಂದ ಉಗುರಿನಷ್ಟು ತುಂಡನ್ನು ಕತ್ತರಿಸಿ, ಹೊರಗಿನ ಸ್ನಾಯುವಿನ ಪದರವನ್ನು ಚಿಮುಟದಿಂದ ಸುಲಿದು, ಎರಡು ಅರೆಗಳ ನಡುವೆ ಕಿಟಕಿಗೆ ಗಾಜು ಕೂರಿಸಿದ ಹಾಗೆ ಕೂರಿಸುತ್ತೇವೆ. ಎರಡೂ ಬದಿಗೆ ಬೆಚ್ಚಗಿನ ಲವಣದ್ರಾವಣ, ಕೆಳಗಿನಿಂದ ಆಮ್ಲಜನಕದ ಗುಳ್ಳೆಗಳು. ಆ ತುಂಡು ಇನ್ನೂ ಜೀವಂತ. ಒಂದೆರಡು ಗಂಟೆ ಕೆಲಸ ಮಾಡುತ್ತಲೇ ಇರುತ್ತದೆ. ಒಂದು ಬದಿಗೆ ಗುರುತಿನ ಅಣುವೊಂದನ್ನು ಹಾಕಿ, ಇನ್ನೊಂದು ಬದಿಗೆ ಎಷ್ಟು ಸೋರಿತು ಎಂದು ಅಳೆಯುತ್ತೇವೆ. ವಿದ್ಯುತ್ ರೋಧವನ್ನೂ ನೋಡುತ್ತೇವೆ. ಬಿಗಿಯಾದ ಕರುಳಿನಲ್ಲಿ ರೋಧ ಹೆಚ್ಚು, ಸೋರುವ ಕರುಳಿನಲ್ಲಿ ಕಡಿಮೆ.

ಬೇಗ ಹಾಲು ಬಿಡಿಸಿದ ಹಂದಿಮರಿಯ ಕರುಳು ಸೋರುತ್ತದೆ. ಮುಖ್ಯ ಪ್ರಶ್ನೆ ಏಕೆ ಎಂಬುದು. ಇದರ ಬೆನ್ನು ಹತ್ತಿದವರಲ್ಲಿ ಅಮೆರಿಕದ ಆಡಮ್ ಮೋಸರ್ ಅವರ ತಂಡ ಮುಖ್ಯವಾದದ್ದು. ಅವರು 2007ರಲ್ಲಿ ತೋರಿಸಿದ್ದು ಇದು: ಮರಿಯ ಮೆದುಳಿನಿಂದ ಹೊರಟು ಕಾರ್ಟಿಸಾಲ್ ಏರಿಸುವ ಸಿಆರ್‌ಎಫ್ ಎಂಬ ಒತ್ತಡದ ಸಂದೇಶವಾಹಕ ಕರುಳಿನಲ್ಲಿಯೂ ಕೆಲಸ ಮಾಡುತ್ತದೆ. ಕೋಶಗಳಲ್ಲಿ ಆ ಸಂದೇಶವನ್ನು ಹಿಡಿಯುವ ಗ್ರಾಹಕಗಳನ್ನು ಔಷಧದಿಂದ ಮುಚ್ಚಿದರೆ, ಹಾಲು ಬಿಡಿಸಿದರೂ ಕರುಳು ಅಷ್ಟು ಹಾಳಾಗುವುದಿಲ್ಲ. ಮುಂದಿನ ಕೊಂಡಿ ಮಾಸ್ಟ್ ಕೋಶಗಳು. ಅಲರ್ಜಿಯಲ್ಲಿ ಹಿಸ್ಟಮಿನ್ ಸುರಿಸುವ ಕೋಶಗಳೇ ಇವು. ಒತ್ತಡದ ಸಂದೇಶ ಬಂದಾಗ ಇವು ತಮ್ಮ ಕಣಗಳನ್ನು ಬಿಡುಗಡೆ ಮಾಡುತ್ತವೆ, ಅದರಲ್ಲಿನ ಟ್ರಿಪ್ಟೇಸ್‌ನಂಥ ಕಿಣ್ವಗಳು ಕರುಳಿನ ಕೋಶ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುತ್ತವೆ. ಅಸ್ತಮಾಕ್ಕೆ ಬಳಸುವ ಕ್ರೋಮೋಲಿನ್ ಮಾಸ್ಟ್ ಕೋಶಗಳು ಸಿಡಿಯದಂತೆ ಹಿಡಿದಿಡುತ್ತದೆ. ಅದನ್ನು ಕೊಟ್ಟ ಮರಿಗಳಲ್ಲಿ ಸೋರಿಕೆ ತಗ್ಗಿತು.

ಹಸಿವೊಂದೇ ಕಾರಣವಾಗಿದ್ದರೆ ಅಸ್ತಮಾದ ಔಷಧಕ್ಕೆ ಇಲ್ಲೇನು ಕೆಲಸ?

ನಿವೃತ್ತ ಪಶುವೈದ್ಯ

ಔಷಧ ಹಸಿವನ್ನೂ ಬದಲಿಸಬಹುದಲ್ಲವೇ? ಮಾಸ್ಟ್ ಕೋಶ ಸುಮ್ಮನಿದ್ದರೆ ಹೊಟ್ಟೆನೋವು ಕಡಿಮೆ, ನೋವು ಕಡಿಮೆಯಾದರೆ ಮರಿ ಬೇಗ ತಿನ್ನುತ್ತದೆ. ಎರಡನ್ನೂ ಬೇರ್ಪಡಿಸಿ ನೋಡದೆ ತೀರ್ಪು ಕೊಡಬೇಡಿ. ಹಾಲು ಬಿಡಿಸಿದ ಮರಿಗಳಿಗೆ ಹಸುವಿನ ಹಾಲನ್ನು ಸ್ವಲ್ಪ ಸ್ವಲ್ಪವಾಗಿ, ದಿನಕ್ಕೆ ಹಲವು ಬಾರಿ ಕುಡಿಸಿದಾಗ ವಿಲ್ಲೈಗಳು ಕುಗ್ಗದೆ ಉಳಿದವು ಎಂಬುದೂ ಪ್ರಯೋಗದಿಂದಲೇ ಗೊತ್ತಾದದ್ದು. ಆ ಮರಿಗಳಿಗೂ ತಾಯಿ ಇರಲಿಲ್ಲ!

ಪದರ

ಒಪ್ಪಿದೆ, ಹಂದಿಮರಿಯಲ್ಲಿ ಅಗಲಿಕೆ ಮತ್ತು ಹಸಿವು ಜೊತೆಯಾಗಿಯೇ ಬರುತ್ತವೆ. ವಿಲ್ಲೈಗಳ ಎತ್ತರದ ವಿಷಯದಲ್ಲಿ ನಿಮ್ಮದೇ ಮೇಲುಗೈ. ಆಹಾರದ ಹರಿವು ಅಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ನಾನು ಹೇಳುತ್ತಿರುವುದು ಬೆಸುಗೆಯ ವಿಚಾರ, ಅದರಲ್ಲೂ ತಿಂಗಳುಗಳ ನಂತರ ಉಳಿಯುವ ಬದಲಾವಣೆಯ ವಿಚಾರ. ವಿಲ್ಲೈಗಳು ಒಂದೆರಡು ವಾರದಲ್ಲಿ ಮತ್ತೆ ಬೆಳೆಯುತ್ತವೆ. ಹಸಿವು ಎರಡೇ ದಿನ ಇದ್ದದ್ದು. ನಾಲ್ಕು ತಿಂಗಳ ಮೇಲೂ ಭೇದಿ ಏಕೆ?

ಹಸಿವನ್ನು ಬೇರ್ಪಡಿಸಲು ಇಲಿಗಳ ಕಡೆ ಹೋಗೋಣ. ಹುಟ್ಟಿದ ಮೊದಲ ಎರಡು ಮೂರು ವಾರ ಇಲಿಮರಿಗಳನ್ನು ದಿನಕ್ಕೆ 3 ಗಂಟೆ ಬೆಚ್ಚಗಿನ ಬೇರೆ ಜಾಗದಲ್ಲಿಟ್ಟು ತಾಯಿಗೆ ಮರಳಿಸುತ್ತಾರೆ. ಉಳಿದ 21 ಗಂಟೆ ಹಾಲು ಸಿಗುತ್ತದೆ, ಹಾಲು ಬಿಡಿಸುವುದೂ ಎಲ್ಲ ಮರಿಗಳಂತೆ ಹೊತ್ತಿಗೆ ಸರಿಯಾಗಿಯೇ. ಇವು ದೊಡ್ಡವಾದ ಮೇಲೆ ನೋಡಿದರೆ ಮೇಲ್ನೋಟಕ್ಕೆ ಎಲ್ಲ ಸರಿ. ಆಮೇಲೆ ಒಂದು ಸಣ್ಣ ಒತ್ತಡ ಕೊಡುತ್ತಾರೆ: ಸುತ್ತ ನೀರಿರುವ ಪುಟ್ಟ ಮಣೆಯ ಮೇಲೆ ಅರ್ಧ ಗಂಟೆ ನಿಲ್ಲಿಸುವುದು. ತಾಯಿಯ ಬಳಿಯೇ ಬೆಳೆದ ಇಲಿಗಳ ಕರುಳು ಇದನ್ನು ತಡೆದುಕೊಂಡಿತು. ಅಗಲಿದ್ದವುಗಳ ದೊಡ್ಡ ಕರುಳು ಸೋರಿತು. ಇದು 2002ರಲ್ಲಿ ಪ್ರಕಟವಾದ ಕೆಲಸ.

ನಿಮ್ಮ ಹೆಣ್ಣು ಹಂದಿಗಳು ಶೆಡ್ಡು ಬದಲಿಸಿದಾಗ ಮಾತ್ರ ಕೆಡುತ್ತವೆ ಎಂದಿರಲ್ಲ, ಕೊಟ್ಟಿಗೆ ದೀಪ ಅವರೇ, ಆ ವಾಕ್ಯ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. ಹಂದಿಗಳಲ್ಲಿಯೂ 15 ದಿನಕ್ಕೆ ಬಿಡಿಸಿದವುಗಳನ್ನು 28 ದಿನಕ್ಕೆ ಬಿಡಿಸಿದವುಗಳ ಜೊತೆ ತಿಂಗಳುಗಟ್ಟಲೆ ಹೋಲಿಸಿ ನೋಡಿದ್ದಾರೆ. ಬೇಗ ಬಿಡಿಸಿದವುಗಳಲ್ಲಿ ಬೆಳೆದ ಮೇಲೂ ಸೋರಿಕೆ, ಮಾಸ್ಟ್ ಕೋಶಗಳ ಚಟುವಟಿಕೆ, ಮರುಕಳಿಸುವ ಭೇದಿ ಕಂಡವು. ತೊಂದರೆ ಹೆಣ್ಣುಗಳಲ್ಲಿ ಹೆಚ್ಚು.

ಬಾಲ ಅಲ್ಲಾಡಿಸುವವನ ಮಾಲೀಕ

ಚರ್ಚೆಯ ನಡುವೆ ತಲೆ ಹಾಕಿದ್ದಕ್ಕೆ ಕ್ಷಮಿಸಿ. ಎಂಟು ವಾರದ ನಾಯಿಮರಿಯನ್ನು ಮನೆಗೆ ತಂದು ನಾಲ್ಕು ದಿನವಾಯಿತು. ಎರಡನೆಯ ದಿನದಿಂದ ತೆಳ್ಳಗೆ ಹೋಗುತ್ತಿದೆ. ಇದೂ ಅಗಲಿಕೆಯ ಪರಿಣಾಮವೇ? ಕಾದು ನೋಡಲೇ?

ನಿವೃತ್ತ ಪಶುವೈದ್ಯ

ಇಲ್ಲಿ ಓದುತ್ತಾ ಕೂರಬೇಡಿ. ಆ ವಯಸ್ಸಿನ ಮರಿಗೆ ಪಾರ್ವೊ ವೈರಸ್ ಇರಬಹುದು, ಜಂತುಹುಳು ಇರಬಹುದು, ಜಿಯಾರ್ಡಿಯಾ ಎಂಬ ಕರುಳಿನ ಪರೋಪಜೀವಿ ಇರಬಹುದು. ಮಲದಲ್ಲಿ ರಕ್ತ, ವಾಂತಿ, ಊಟ ಬಿಡುವುದು, ಮಂಕಾಗಿ ಮಲಗುವುದು ಇವುಗಳಲ್ಲಿ ಒಂದು ಕಂಡರೂ ಈ ಗಂಟೆಯೇ ಹೊರಡಿ. ಯಾವುದೂ ಇಲ್ಲದಿದ್ದರೂ ಇಂದೇ ಮಲ ಪರೀಕ್ಷೆ ಮಾಡಿಸಿ. ಒತ್ತಡದ ಭೇದಿ ಎಂಬುದು ಉಳಿದೆಲ್ಲವನ್ನೂ ತಳ್ಳಿಹಾಕಿದ ಮೇಲೆ ಹೇಳುವ ಮಾತು. ಹಳೆಯ ಮನೆಯಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಕೆಲವು ದಿನ ಮುಂದುವರಿಸಿ.

ಗೂಡು ಕಟ್ಟುವವಳು

ತಬ್ಬಲಿ ಮರಿಗಳನ್ನು ಸೀಸೆಯಲ್ಲಿ ಹಾಲು ಕುಡಿಸಿ ಸಾಕುವುದು ನನ್ನ ಹವ್ಯಾಸ, ಈಗ ಹವ್ಯಾಸ ಎನ್ನುವ ಹಂತ ದಾಟಿದೆ. ಇಲ್ಲಿ ಎಲ್ಲರೂ ಒತ್ತಡದ ಹಾರ್ಮೋನನ್ನು ಕಳ್ಳನ ಹಾಗೆ ಕಾಣುತ್ತಿದ್ದೀರಿ. ಅದರ ಪರವಾಗಿಯೂ ಯಾರಾದರೂ ವಾದಿಸಬೇಡವೇ?

ಹಾಲು ಕುಡಿಯುವ ಮರಿಯ ಕರುಳು ದೊಡ್ಡದರ ಕರುಳಿನ ಚಿಕ್ಕ ಪ್ರತಿಯಲ್ಲ, ಬೇರೆಯದೇ ಅಂಗ. ಹಾಲಿನ ಸಕ್ಕರೆ ಒಡೆಯುವ ಲ್ಯಾಕ್ಟೇಸ್ ಕಿಣ್ವ ತುಂಬಿರುತ್ತದೆ, ಸಾಮಾನ್ಯ ಸಕ್ಕರೆ ಒಡೆಯುವ ಸುಕ್ರೇಸ್ ಇರುವುದೇ ಇಲ್ಲವೆನ್ನಬಹುದು. ಗಿಣ್ಣುಹಾಲಿನ ಪ್ರತಿಕಾಯಗಳನ್ನು ಇಡಿಯಾಗಿ ನುಂಗಿ ರಕ್ತಕ್ಕೆ ದಾಟಿಸುವಷ್ಟು ತೆರೆದಿರುತ್ತದೆ. ಕರು, ಕುದುರೆಮರಿ, ಹಂದಿಮರಿಗಳಲ್ಲಿ ಈ ಬಾಗಿಲು ಹುಟ್ಟಿದ ಒಂದೂವರೆ ದಿನದೊಳಗೆ ಮುಚ್ಚುತ್ತದೆ. ಹಾಗಾಗಿಯೇ ಗಿಣ್ಣು ಕುಡಿಸಲು ಅಷ್ಟು ಅವಸರ. ಇಲಿಮರಿಗಳಲ್ಲಿ ಸುಮಾರು ಮೂರು ವಾರ ತೆರೆದಿರುತ್ತದೆ.

ಇಲಿಮರಿಯಲ್ಲಿ ಬಾಗಿಲು ಮುಚ್ಚಲು, ಸುಕ್ರೇಸ್ ಏರಲು ನೆರವಾಗುವುದು ಅಡ್ರಿನಲ್ ಗ್ರಂಥಿಯ ಹಾರ್ಮೋನು, ಅಂದರೆ ಅದೇ ಒತ್ತಡದ ಹಾರ್ಮೋನು. ಮೂರನೆಯ ವಾರದಲ್ಲಿ ಅದು ತಾನಾಗಿ ಏರುತ್ತದೆ, ಕರುಳು ಹಾಲಿನ ಕರುಳಿನಿಂದ ಮೇವಿನ ಕರುಳಾಗುತ್ತದೆ. 1950ರ ದಶಕದಲ್ಲೇ ಫ್ಲಾರೆನ್ಸ್ ಮೂಗ್ ಹಾಲು ಕುಡಿಯುವ ಚುಂಡಿಲಿ ಮರಿಗಳಲ್ಲಿ ಈ ಗ್ರಂಥಿಗೂ ಕರುಳಿನ ಕಿಣ್ವಗಳಿಗೂ ಇರುವ ನಂಟನ್ನು ತೋರಿಸಿದ್ದರು. ಹಾರ್ಮೋನನ್ನು ಹೊರಗಿನಿಂದ ಮುಂಚಿತವಾಗಿ ಕೊಟ್ಟರೆ ಕರುಳು ಮುಂಚಿತವಾಗಿ ಬಲಿಯುತ್ತದೆ. ಗ್ರಂಥಿ ತೆಗೆದರೆ ತಡವಾಗುತ್ತದೆ.

ಇದು ಒಂದು ಗಡಿಯಾರ. ತಾಯಿ ಹತ್ತಿರವಿದ್ದಷ್ಟು ಕಾಲ, ಸರಿಸುಮಾರು ಎರಡನೆಯ ವಾರ ಮುಗಿಯುವ ತನಕ, ಇಲಿಮರಿಯ ಒತ್ತಡದ ವ್ಯವಸ್ಥೆ ಬಹುಪಾಲು ಮೌನವಾಗಿರುತ್ತದೆ. ಆ ಮೌನವನ್ನು ಕಾಯುವುದು ತಾಯಿಯ ನೆಕ್ಕುವಿಕೆ, ಹಾಲು, ಮೈಬಿಸಿ. ತಾಯಿಯನ್ನು ದೂರವಿಟ್ಟಾಗ ನಡೆಯುವುದು ಯಾರೋ ಮುಳ್ಳನ್ನು ಕೈಯಿಂದ ಮುಂದಕ್ಕೆ ತಳ್ಳಿದ ಹಾಗೆ. ಕರುಳಿಗೆ "ಬೇಗ ಬಲಿತುಕೋ" ಎಂಬ ಆದೇಶ ಬರುತ್ತದೆ, ಆದರೆ ಜೊತೆಯಲ್ಲೇ ಬೆಳೆಯಬೇಕಾದ ನರಜಾಲ, ರೋಗನಿರೋಧಕ ಕೋಶಗಳು, ಸೂಕ್ಷ್ಮಜೀವಿಗಳ ಸಮೂಹ ಇನ್ನೂ ಹಿಂದೆಯೇ ಇರುತ್ತವೆ.

ಮುಟ್ಟುವಿಕೆಯ ಬಗ್ಗೆ ಒಂದು ಮಾತು. ಅಮೆರಿಕದ ವಿಜ್ಞಾನಿ ಸಾಲ್ ಶಾನ್‌ಬರ್ಗ್ ಅವರ ಪ್ರಯೋಗಗಳಲ್ಲಿ, ತಾಯಿಯಿಂದ ಬೇರ್ಪಟ್ಟ ಇಲಿಮರಿಗಳ ಅಂಗಾಂಗಗಳಲ್ಲಿ ಬೆಳವಣಿಗೆಗೆ ಬೇಕಾದ ಕಿಣ್ವವೊಂದು ಕುಸಿಯುತ್ತಿತ್ತು. ಹಾಲು ಕೊಟ್ಟರೂ ಏರಲಿಲ್ಲ. ಒದ್ದೆ ಬ್ರಷ್ಷಿನಿಂದ ಮೈ ನೇವರಿಸಿದಾಗ ಏರಿತು. ನಾನು ಪ್ರತಿ ಬಾರಿ ಹಾಲು ಕುಡಿಸುವ ಮೊದಲೂ ಆಮೇಲೂ ಬೆಚ್ಚಗಿನ ಒದ್ದೆ ಬಟ್ಟೆಯಿಂದ ಮರಿಯ ಹೊಟ್ಟೆ, ಬಾಲದ ಕೆಳಗೆ ಉಜ್ಜುತ್ತೇನೆ. ಬೆಕ್ಕು, ನಾಯಿಯ ಎಳೆಮರಿಗಳು ಹಾಗೆ ಉಜ್ಜದೆ ಮಲಮೂತ್ರ ಮಾಡುವುದೇ ಇಲ್ಲ. ಮೊದಲ ಸಲ ಸಾಕಿದಾಗ ಇದು ತಿಳಿಯದೆ ಒಂದು ಬೆಕ್ಕಿನ ಮರಿ ಹೊಟ್ಟೆ ಉಬ್ಬಿ ನರಳುವುದನ್ನು ಒಂದು ರಾತ್ರಿಯಿಡೀ ನೋಡಿದ್ದೇನೆ.

ಪದರ

ಗಡಿಯಾರದ ಮುಳ್ಳು ತಳ್ಳುವ ಹೋಲಿಕೆಯನ್ನು ನಾನು ಕದಿಯುತ್ತೇನೆ. ಒಂದು ತಿದ್ದುಪಡಿ ಮಾತ್ರ: ಹಂದಿ, ಕರುಗಳ ವೇಳಾಪಟ್ಟಿ ಇಲಿಯದ್ದಲ್ಲ, ಹಾಗಾಗಿ ದಿನಗಳನ್ನು ಇದ್ದಂತೆ ಎತ್ತಿ ಹಾಕುವಂತಿಲ್ಲ. ನರಜಾಲದ ವಿಷಯ ಸರಿಯಾಗಿದೆ. ಬೇಗ ಬಿಡಿಸಿದ ಹಂದಿಗಳ ಕರುಳಿನ ನರಜಾಲದಲ್ಲಿ ಅಸಿಟೈಲ್‌ಕೋಲಿನ್ ಎಂಬ ನರಸಂದೇಶವಾಹಕವನ್ನು ಬಳಸುವ ನರಗಳ ಚಟುವಟಿಕೆ ಬೆಳೆದ ಮೇಲೂ ಹೆಚ್ಚೇ ಇರುತ್ತದೆ. ಅವು ಚುರುಕಾದಷ್ಟೂ ಕರುಳು ಹೆಚ್ಚು ನೀರು ಸ್ರವಿಸುತ್ತದೆ.

ಸೂಕ್ಷ್ಮಜೀವಿಗಳ ಬಗ್ಗೆಯೂ ಒಂದು ಹಳೆಯ ಕೆಲಸವಿದೆ. 1999ರಲ್ಲಿ ಬೈಲಿ ಮತ್ತು ಕೋ ಎಂಬವರು ರೀಸಸ್ ಕೋತಿಮರಿಗಳನ್ನು ತಾಯಿಯಿಂದ ಬೇರ್ಪಡಿಸಿದಾಗ ಮಲದಲ್ಲಿನ ಲ್ಯಾಕ್ಟೋಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾ ಮೂರನೆಯ ದಿನಕ್ಕೆ ಕುಸಿದು, ವಾರದ ಹೊತ್ತಿಗೆ ಮೊದಲಿನಂತಾಯಿತು. ಹೆಚ್ಚು ಕೂಗಾಡಿದ, ಚಡಪಡಿಸಿದ ಮರಿಗಳಲ್ಲಿ ಕುಸಿತವೂ ಹೆಚ್ಚು. ಇಲ್ಲೂ ಮೂರನೆಯ ದಿನ!

ಅನುಮಾನಿ

ಎಲ್ಲ ಓದಿದೆ. ಈಗ ಯಾರೋ ಬಂದು "ನಿನಗೆ ಹೊಟ್ಟೆ ಸರಿಯಿಲ್ಲದಿರುವುದಕ್ಕೆ ನಿನ್ನ ತಾಯಿ ಕೆಲಸಕ್ಕೆ ಹೋದದ್ದೇ ಕಾರಣ" ಎನ್ನುತ್ತಾರೆ, ನೋಡುತ್ತಿರಿ. ಇಲಿಯಿಂದ ಮನುಷ್ಯನಿಗೆ ಎಷ್ಟು ಸುಲಭವಾಗಿ ನೆಗೆಯುತ್ತೀರಿ?

ಪದರ

ನಾನಂತೂ ನೆಗೆಯುವುದಿಲ್ಲ. ಬಾಲ್ಯದಲ್ಲಿ ಹಿಂಸೆ, ಕಡೆಗಣನೆ ಅನುಭವಿಸಿದವರಲ್ಲಿ ಕೆರಳುವ ಕರುಳಿನ ಸಮಸ್ಯೆ ಹೆಚ್ಚು ವರದಿಯಾಗಿದೆ ಎಂಬುದು ನಿಜ. ಆದರೆ ಅದು ಸಂಬಂಧವಷ್ಟೇ, ಜೊತೆಗೆ ಅಲ್ಲಿ ಮಾತಾಡುತ್ತಿರುವುದು ಗಂಭೀರವಾದ ಯಾತನೆಯ ಬಗ್ಗೆ. ತಾಯಿ ಕಚೇರಿಗೆ ಹೋಗಿ ಸಂಜೆ ಬರುವುದಕ್ಕೂ, ಎರಡು ದಿನದ ಇಲಿಮರಿಯನ್ನು ಗೂಡಿನಿಂದ ಎತ್ತುವುದಕ್ಕೂ ಹೋಲಿಕೆಯಿಲ್ಲ. ದಿನಕ್ಕೆ ಹದಿನೈದು ನಿಮಿಷ ಮಾತ್ರ ಬೇರ್ಪಡಿಸಿದ ಇಲಿಮರಿಗಳು ಬೆಳೆದ ಮೇಲೆ ಒತ್ತಡವನ್ನು ಇನ್ನೂ ಚೆನ್ನಾಗಿ ತಾಳಿಕೊಂಡದ್ದನ್ನೂ ಕಂಡಿದ್ದಾರೆ. ಮರಳಿ ಬಂದ ಮರಿಯನ್ನು ತಾಯಿ ಹೆಚ್ಚು ನೆಕ್ಕಿದ್ದೇ ಅದಕ್ಕೆ ಕಾರಣವಿರಬೇಕು ಎಂಬ ವಿವರಣೆಯಿದೆ. ಎಲ್ಲ ಒತ್ತಡವೂ ವಿಷವಲ್ಲ.

ಅನುಮಾನಿ

ಇದನ್ನು ಮೊದಲೇ ಹೇಳಬಹುದಿತ್ತು. ಸರಿ, ಮುಂದುವರಿಸಿ.

ಮೆಲುಕು

ನಮ್ಮದು ಕರುಗಳ ಕೊಟ್ಟಿಗೆ, ಲೆಕ್ಕ ಸ್ವಲ್ಪ ಬೇರೆ. ಹುಟ್ಟಿದ ಕರುವಿಗೆ ನಾಲ್ಕು ಹೊಟ್ಟೆಗಳಿದ್ದರೂ ಕೆಲಸ ಮಾಡುವುದು ನಾಲ್ಕನೆಯದು. ಒಟ್ಟು ಜಠರದ ಸುಮಾರು 60 ಪ್ರತಿಶತ ಅದೇ. ಮೊದಲನೆಯ ಹೊಟ್ಟೆ, ಅಂದರೆ ರೂಮೆನ್, ಆಗ ಖಾಲಿ ಚೀಲ, ಬೆಳೆದ ಹಸುವಿನಲ್ಲಿ ಅದೇ 80 ಪ್ರತಿಶತವಾಗುತ್ತದೆ. ಆ ಚೀಲದ ಒಳಗೋಡೆ ಬೆಳೆಯುವುದು ಧಾನ್ಯ ಹುಳಿಯುವಾಗ ಹುಟ್ಟುವ ಬ್ಯುಟಿರೇಟ್ ಎಂಬ ಆಮ್ಲದಿಂದ. ಕರು ಹಿಂಡಿ ತಿನ್ನಲು ಶುರು ಮಾಡುವ ಮೊದಲೇ ಹಾಲು ನಿಲ್ಲಿಸಿದರೆ ಹಳೆಯ ಹೊಟ್ಟೆಗೆ ಕೆಲಸವಿಲ್ಲ, ಹೊಸ ಹೊಟ್ಟೆ ಇನ್ನೂ ತಯಾರಿಲ್ಲ. ನಾವು ದಿನ ಎಣಿಸುವುದಿಲ್ಲ. ಹಿಂಡಿ ಎಷ್ಟು ತಿಂದಿತು ಎಂದು ತೂಗಿ, ಹಾಲನ್ನು ಎರಡು ವಾರಗಳಲ್ಲಿ ಹಂತ ಹಂತವಾಗಿ ಇಳಿಸುತ್ತೇವೆ.

ತಾಯಿಯ ಜೊತೆಯಲ್ಲೇ ಇರುವ ಕರುಗಳಿಗೆ ಇನ್ನೊಂದು ಉಪಾಯವಿದೆ. ಮೂಗಿಗೆ ಪ್ಲಾಸ್ಟಿಕ್ ಪಟ್ಟಿ ಸಿಕ್ಕಿಸಿದರೆ ಕರು ತಾಯಿಯ ಪಕ್ಕದಲ್ಲೇ ಮೇಯಬಹುದು, ನೀರು ಕುಡಿಯಬಹುದು, ಕೆಚ್ಚಲಿಗೆ ಮಾತ್ರ ಬಾಯಿ ಹಾಕಲಾಗದು. ಕೆಲವು ದಿನದ ನಂತರ ಬೇರೆ ಮಾಡುತ್ತಾರೆ. ಹಾಲು ಹೋಗುವ ದುಃಖ ಒಂದು ವಾರ, ತಾಯಿ ಹೋಗುವ ದುಃಖ ಇನ್ನೊಂದು ವಾರ. ಒಟ್ಟಿಗೆ ಬಿಡಿಸಿದವುಗಳಿಗಿಂತ ಇವು ತುಂಬಾ ಕಡಿಮೆ ಕೂಗುತ್ತವೆ, ಬೇಲಿಗುಂಟ ಅಲೆದಾಡುವುದೂ ಕಡಿಮೆ.

ನಿವೃತ್ತ ಪಶುವೈದ್ಯ

ಮೆಲುಕು ಅವರು ಹೇಳಿದ್ದು ನನಗೆ ಹಿಡಿಸಿತು. ಒಪ್ಪಿಕೊಳ್ಳುತ್ತೇನೆ, ತಿಂಗಳುಗಳ ನಂತರದ ಭೇದಿಯನ್ನು ನಾನು ಇಷ್ಟು ವರ್ಷ ಮೇವಿನ ಲೆಕ್ಕಕ್ಕೇ ಬರೆದುಬಿಡುತ್ತಿದ್ದೆ. ಬೇಗ ಬಿಡಿಸಿದ ಮರಿಗೆ ಆಮೇಲೆ ಇ. ಕೋಲಿ ತಗುಲಿದರೆ ಭೇದಿ ಜೋರು, ಆದರೆ ಕರುಳಿನ ಮೊದಲ ಸಾಲಿನ ರೋಗನಿರೋಧಕ ಪ್ರತಿಕ್ರಿಯೆಯೇ ಮಂದ ಎಂದು ಮೋಸರ್ ತಂಡ ತೋರಿಸಿದ್ದನ್ನು ನಿನ್ನೆ ರಾತ್ರಿ ಓದಿದೆ. ಔಷಧ ಕೊಟ್ಟರೂ ಕೆಲವು ಮರಿಗಳು ಏಕೆ ತಡವಾಗಿ ಚೇತರಿಸಿಕೊಳ್ಳುತ್ತಿದ್ದವು ಎಂಬುದು ಈಗ ಹೊಳೆಯುತ್ತಿದೆ.

ಕೊಟ್ಟಿಗೆ ದೀಪ ಅವರಿಗೆ: ಕಾಡುಸ್ಥಿತಿಯಲ್ಲಿ ಬಿಟ್ಟರೆ ಹಂದಿ ತಾನಾಗಿ ಹಾಲು ಬಿಡಿಸುವುದು 10 ರಿಂದ 17 ವಾರಕ್ಕೆ, ಅದೂ ದಿನೇದಿನೇ ಕಡಿಮೆ ಮಾಡುತ್ತಾ. ಯುರೋಪಿಯನ್ ಒಕ್ಕೂಟದಲ್ಲಿ 28 ದಿನಕ್ಕಿಂತ ಮೊದಲು ಬಿಡಿಸುವಂತಿಲ್ಲ, ಪ್ರತ್ಯೇಕ ಸ್ವಚ್ಛ ವ್ಯವಸ್ಥೆಯಿದ್ದರೆ 21. ಬಿಡಿಸಿದ ಮೇಲಿನ ಭೇದಿಗೆ ಸತುವಿನ ಆಕ್ಸೈಡನ್ನು ಔಷಧದ ಪ್ರಮಾಣದಲ್ಲಿ ಸುರಿಯುವುದನ್ನು ಅಲ್ಲಿ 2022ರ ಜೂನ್‌ನಲ್ಲಿ ನಿಲ್ಲಿಸಿದ ಮೇಲೆ ವಯಸ್ಸಿನ ಪ್ರಶ್ನೆ ಮತ್ತೆ ಮುಂದೆ ಬಂದಿದೆ. ನಿಮ್ಮ ತಪ್ಪು ಒಂದೇ ಬೆಳಿಗ್ಗೆ ನಾಲ್ಕು ಹೊರೆ ಹೊರಿಸಿದ್ದು. ಅಗಲಿಕೆ ಒಂದನ್ನು ತಪ್ಪಿಸಲಾಗದು. ಲಸಿಕೆ, ಸಾಗಾಟ, ಪರಕೀಯರ ಸಹವಾಸ ಇವುಗಳಿಗೆ ಬೇರೆ ಬೇರೆ ದಿನ ಇರಲಿ. ತಾಯಿಯ ಜೊತೆ ಇರುವಾಗಲೇ ಎರಡನೆಯ ವಾರದಿಂದ ಮೇವಿನ ರುಚಿ ಹತ್ತಿಸಿ. ಬಿಡಿಸಿದ ದಿನ ಶೆಡ್ಡು ಬೆಚ್ಚಗಿರಲಿ, ಆ ಮರಿಗೆ ಮೈಮೇಲೆ ಕೊಬ್ಬೇ ಇಲ್ಲ.

ಕೊಟ್ಟಿಗೆ ದೀಪ

ಎಲ್ಲರಿಗೂ ಋಣಿ. ಎರಡು ಸೂಲು ಹೋಲಿಸಿದ್ದು ಪ್ರಯೋಗವಲ್ಲ ಎಂದು ನನಗೂ ಗೊತ್ತು. ವಯಸ್ಸು, ಸಾಗಾಟ, ಲಸಿಕೆ, ತಾಯಿ ಎಲ್ಲವೂ ಬೇರೆ, ಯಾವುದರ ಪಾಲು ಎಷ್ಟು ಎಂದು ನನ್ನ ಕೊಟ್ಟಿಗೆಯಿಂದ ಹೇಳಲಾಗದು. ಆದರೆ ಮುಂದಿನ ಸಲ ಏನು ಮಾಡಬೇಕೆಂದು ತಿಳಿಯಿತು.

ಮೊದಲ ಸೂಲಿನ ಹೆಣ್ಣುಗಳ ಮೂತ್ರ, ಮಲ ಪರೀಕ್ಷೆ ಮಾಡಿಸಿದೆ, ಸೋಂಕಿಲ್ಲ. ಅವುಗಳನ್ನು ಇನ್ನು ಜಾಗ ಬದಲಿಸದೆ ಒಂದೇ ಗುಂಪಾಗಿ ಇಟ್ಟುಕೊಳ್ಳುತ್ತೇನೆ. ಮೊದಲನೆಯ ತಾಯಿ ಮತ್ತೆ ಮರಿ ಹಾಕಿದೆ, ಇಂದಿಗೆ 16 ದಿನ. ಬೆಳಿಗ್ಗೆ ತಟ್ಟೆಯಲ್ಲಿ ಒಂದು ಹಿಡಿ ಮೇವು ಇಟ್ಟಿದ್ದೆ. ಎರಡು ಮರಿಗಳು ಮೂಗಿನಿಂದ ತಟ್ಟೆಯನ್ನೇ ಮಗುಚಿ ಹಾಕಿದವು, ಮೂರನೆಯದು ಚೆಲ್ಲಿದ ಕಾಳನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿ ಉಗುಳಿತು. ಗಾಡಿಯವರಿಗೆ ಫೋನ್ ಮಾಡಿ ಈ ತಿಂಗಳು ಬರುವುದು ಬೇಡ ಎಂದಿದ್ದೇನೆ. ಬೈದರು.